ಕಂಬಿ ನೆಲ ಮುಟ್ಟಿದ ಮಧ್ಯಾಹ್ನ

ದೊಡ್ಡವರ ಹಿರಿಮೆ ಗದ್ದುಗೆಯ ಮೇಲೆ ಕಾಣುವುದಕ್ಕಿಂತ ದಾರಿಯ ಧೂಳಿನಲ್ಲಿ ಹೆಚ್ಚು ಕಾಣುತ್ತದೆ ಎಂದು ನಂಬಿದವನು ನಾನು. ಪೂಜ್ಯ ನಿಂಬೆವ್ವ ತಾಯಿಯವರಿಗಂತೂ ಗದ್ದುಗೆಯೇ ಇರಲಿಲ್ಲ. ಹುಣಸಿಹೊಂಡದ ಊರ ಹೊರಗೆ ಒಂದು ತಟ್ಟಿಯ ಗುಡಿಸಲು, ಎರಡು ಸೀರೆ, ಹಿತ್ತಾಳೆಯ ಗಿಂಡಿಯಲ್ಲಿ ಕುಸುಬಿ ಎಣ್ಣೆ, ಸೊಂಟದ ಸಂಚಿಯಲ್ಲಿ ಮುಳ್ಳು ಕೀಳುವ ಒಂದು ಚಿಮಟ. ಅವರ ಆಸ್ತಿ ಇಷ್ಟೇ.

ಹೋಳಿ ಹುಣ್ಣಿಮೆಯ ಮರುದಿನ ಹುಣಸಿಹೊಂಡದ ತಂಡ ಶ್ರೀಶೈಲದ ಮಲ್ಲಯ್ಯನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡುತ್ತಿತ್ತು. ಯುಗಾದಿಗೆ ಅಲ್ಲಿ ಮುಟ್ಟಬೇಕು. ತಾಯಿಯವರು ಐವತ್ತು ವರ್ಷ ಆ ದಾರಿ ನಡೆದರು, ಐವತ್ತು ವರ್ಷವೂ ಎಲ್ಲರಿಗಿಂತ ಕಡೆಯಲ್ಲಿ. ಯಾರ ಕಾಲಿಗೆ ಜಾಲಿಮುಳ್ಳು ನಟ್ಟರೂ, ಯಾರ ಅಂಗಾಲಿನಲ್ಲಿ ಬೊಬ್ಬೆ ಎದ್ದರೂ ಅಲ್ಲಿಯೇ ಕುಳಿತು, ಆ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಮುಳ್ಳು ತೆಗೆದು ಎಣ್ಣೆ ಹಚ್ಚಿ ಕಳಿಸುತ್ತಿದ್ದರು. ತಮ್ಮ ಕಾಲನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ನನ್ನ ಕಾಲಾಗಿನ ಮುಳ್ಳು ನನಗ ಹಳೇ ಗೆಳತ್ಯಾರು, ಇರ್ಲಿ ಬಿಡ್ರಿ" ಎಂದು ನಕ್ಕುಬಿಡುತ್ತಿದ್ದರಂತೆ.

ತಂಡದ ಮುಂದೆ ಕಂಬಿ ನಡೆಯುತ್ತಿತ್ತು. ಕಂಬಿ ಎಂದರೆ ಹೆಗಲ ಮೇಲೆ ಹೊರುವ ಮರದ ದಂಡ. ಎರಡೂ ತುದಿಗೆ ಹಿತ್ತಾಳೆಯ ಗೆಜ್ಜೆ, ನಡುವೆ ಕಾವಿ ಬಟ್ಟೆ, ಮೇಲೆ ನವಿಲುಗರಿ. ಅದು ಬರಿಯ ಕಟ್ಟಿಗೆಯಲ್ಲ, ದಾರಿಯುದ್ದಕ್ಕೂ ಅದೇ ಮಲ್ಲಯ್ಯ. ಊರು ಬಿಟ್ಟ ಮೇಲೆ ಶ್ರೀಶೈಲ ಸೇರುವವರೆಗೆ ಅದು ನೆಲಕ್ಕೆ ಮುಟ್ಟಬಾರದು. ವಸ್ತಿ ಮಾಡಿದಲ್ಲಿ ಕವಲುಗೋಲು ನೆಟ್ಟು ಅದರ ಮೇಲೆ ಇಡುತ್ತಿದ್ದರು. ತಪ್ಪಿ ಮುಟ್ಟಿತೋ, ಇಡೀ ತಂಡ ಹಿಂದಿನ ರಾತ್ರಿಯ ವಸ್ತಿಗೆ ಮರಳಿ ಅಲ್ಲಿಂದ ಮತ್ತೆ ಹೆಜ್ಜೆ ಹಾಕಬೇಕು. ಹೊತ್ತವನ ಹರಕೆಯಂತೂ ಮುರಿದಂತೆಯೇ.

ನಾನು ಹೇಳಹೊರಟ ವರ್ಷ ಕಂಬಿ ಹೊತ್ತವನು ಬಾಳಪ್ಪ ಬಡಿಗೇರ. ಕೆಲಸದಲ್ಲಿ ಕೂದಲೆಳೆಯ ತಪ್ಪನ್ನೂ ಸಹಿಸದ ಬಡಿಗ, ಬೇರೆಯವರ ತಪ್ಪನ್ನಂತೂ ಮೊದಲೇ ಸಹಿಸುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವನ ಎಂಟು ತಿಂಗಳ ಮಗ ಸಂಗಪ್ಪ ಜ್ವರದಿಂದ ತೀರಿಕೊಂಡಿದ್ದ. ಹೆಂಡತಿ ದುಂಡವ್ವ ಮೂರು ರಾತ್ರಿ ಕಣ್ಣು ಮುಚ್ಚದೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾಲ್ಕನೆಯ ದಿನ ನಸುಕಿನಲ್ಲಿ ಅವಳಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಕೂಸು ತಣ್ಣಗಾಗಿತ್ತು. ಬಾಳಪ್ಪ ಅಂದುಬಿಟ್ಟ: "ನೀ ನಿದ್ದಿ ಮಾಡಿದ್ದಕ್ಕ ಹೋತು ನನ್ನ ಕೂಸು." ಕೋಪದಲ್ಲಿ ಆಡಿದ ಮಾತು ನಿಜ, ಆದರೆ ಅದನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಆ ಹೆಣ್ಣುಮಗಳು ಕಣ್ತುಂಬ ಮಲಗಿದ್ದನ್ನು ಯಾರೂ ನೋಡಿರಲಿಲ್ಲ. ಈಗ ಅವಳಿಗೆ ಮತ್ತೆ ಏಳು ತಿಂಗಳು. ಈ ಕೂಸಾದರೂ ಉಳಿಯಲಿ ಎಂದು ಬಾಳಪ್ಪ ಕಂಬಿಯ ಹರಕೆ ಹೊತ್ತಿದ್ದ.

ಹನ್ನೊಂದು ದಿನ ಸರಿಯಾಗಿ ನಡೆಯಿತು. ಹನ್ನೆರಡನೆಯ ದಿನ ತಂಡ ಕರ್ನೂಲಿನ ಆಚೆಯ ಬಯಲಿನಲ್ಲಿತ್ತು. ಅದು ಎಂಥ ಬಿಸಿಲು ಎಂದರೆ, ದಾರಿ ತನ್ನಷ್ಟಕ್ಕೆ ತಾನೇ ಎದ್ದು ಅಲುಗಾಡುತ್ತಿತ್ತಂತೆ. ದೂರದಲ್ಲಿ ಕೆರೆ ಕಾಣುತ್ತಿತ್ತು, ಹತ್ತಿರ ಹೋದರೆ ಬರೀ ಕರಿನೆಲ. ಹಿಂದಿನವರ ಹಾಡು ಒಮ್ಮೆ ಕಿವಿಯ ಬಳಿ, ಒಮ್ಮೆ ಯಾವುದೋ ಊರಿನಿಂದ ಬಂದ ಹಾಗೆ ಕೇಳುತ್ತಿತ್ತು. ಬಾಳಪ್ಪನಿಗೆ ತಾನು ನಡೆಯುತ್ತಿದ್ದೇನೋ, ನಿಂತಲ್ಲೇ ನಿಂತಿರುವಾಗ ನೆಲವೇ ಕಾಲ ಕೆಳಗೆ ಸರಿಯುತ್ತಿದೆಯೋ ತಿಳಿಯದಾಯಿತು. ಹೆಗಲು ಬದಲಿಸುವ ಜೊತೆಗಾರ ಹೊಟ್ಟೆ ಕೆಟ್ಟು ಚಕ್ಕಡಿ ಹತ್ತಿ ಮುಂದೆ ಹೋಗಿದ್ದ. ಕಂಬಿಯ ಗೆಜ್ಜೆ ಮಾತ್ರ ಒಂದೇ ಸಮನೆ ಝಲ್ ಝಲ್ ಎನ್ನುತ್ತಿತ್ತು.

ದಾರಿಯ ಪಕ್ಕ ಒಂಟಿ ಬೇವಿನ ಮರ. ಮೈತುಂಬ ಹೂವು, ಕೆಳಗೆ ಚಾಪೆಯಷ್ಟು ನೆರಳು. ತಂಡ ಬರುವವರೆಗೆ ನಿಲ್ಲೋಣವೆಂದು ಕಂಬಿ ಹೊತ್ತೇ ಅವನು ಮರಕ್ಕೆ ಬೆನ್ನು ಕೊಟ್ಟು ನಿಂತ. ಕಂಬಿಯವರು ದಣಿವಾರಿಸಿಕೊಳ್ಳುವುದೇ ಹಾಗೆ. ತಂಪು ಗಾಳಿ ಬೀಸಿತು. ಸಣ್ಣ ಬಿಳಿಯ ಹೂವುಗಳು ಮುಖದ ಮೇಲೆ ಬಿದ್ದವು. ಸಂಗಪ್ಪ ಅಂಗಳದಲ್ಲಿ ಅಂಬೆಗಾಲಿಡುತ್ತಾ ಬಂದ ಹಾಗಾಯಿತು, ಅವನ ಕಾಲಲ್ಲೂ ಗೆಜ್ಜೆ.

ಆ ಗೆಜ್ಜೆಯ ಸದ್ದು ನಿಂತದ್ದರಿಂದ ಬಾಳಪ್ಪನಿಗೆ ಎಚ್ಚರವಾಯಿತು. ಅವನು ಮರದ ಬುಡದಲ್ಲಿ ಕುಳಿತಿದ್ದ. ಕಂಬಿ ಉದ್ದಕ್ಕೆ ನೆಲದ ಮೇಲೆ ಮಲಗಿತ್ತು.

ಗಡಬಡಿಸಿ ಎದ್ದ. ಎತ್ತಿ ಹೆಗಲಿಗೇರಿಸಿ ಧೂಳು ಒರೆಸಿದ. ಹಿಂದೆ ನೋಡಿದರೆ ತಂಡ ಇನ್ನೂ ದೂರ. ಯಾರೂ ಕಂಡಿರಲಿಲ್ಲ. ಹೇಳಿದರೆ ಎಲ್ಲರೂ ಹಿಂದಿರುಗಬೇಕು. ಯುಗಾದಿಗೆ ಉಳಿದದ್ದು ಮೂರೇ ದಿನ, ಮುಂದೆ ನಲ್ಲಮಲದ ಕಾಡು, ತಂಡದಲ್ಲಿ ಏಳು ಮಂದಿ ಮುದುಕರು. ಹೇಳದಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೆ ಏನು ಕಾದಿದೆಯೋ! ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಹಾಗೆ ಅವನು ಮುಂದೆ ನಡೆದುಬಿಟ್ಟ.

ಅರ್ಧ ಹರದಾರಿ ಮುಂದೆ ಒಂದು ಬಾವಿ, ಮಾವಿನ ತೋಪು. ಅಲ್ಲಿ ಮಧ್ಯಾಹ್ನದ ಬಿಡಾರ. ಕಂಬಿಯನ್ನು ಕವಲುಗೋಲಿಗೇರಿಸಿ, ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಮುಗಿಸಿ ಎಲ್ಲರೂ ಅಡ್ಡಾದರು. ಬಾಳಪ್ಪ ತುತ್ತು ಮುಟ್ಟಲಿಲ್ಲ. ತೋಪಿನ ಅಂಚಿನಲ್ಲಿ ಬಿಸಿಲಿಗೇ ಮುಖ ಮಾಡಿ ಕುಳಿತಿದ್ದ.

ತಾಯಿಯವರು ಎಂದಿನಂತೆ ಎಲ್ಲರಿಗಿಂತ ತಡವಾಗಿ ಬಂದರು. ನೀರು ಕೂಡ ಕುಡಿಯದೆ ನೇರವಾಗಿ ಅವನ ಮುಂದೆ ನಿಂತರು.

"ಬೇವಿನ ಗಿಡದ ಬುಡಕ ಗೆಜ್ಜಿ ಗುರುತು ನೋಡಿ ಬಂದ್ನೆಪ್ಪಾ" ಎಂದರು.

ದಿವ್ಯದೃಷ್ಟಿ ಎಂದು ಕೆಲವರು ಈಗಲೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಟ್ಟಕಡೆಗೆ ನಡೆಯುವವರಿಗೆ ಮುಂದಿನವರ ಎಲ್ಲ ಗುರುತೂ ಕಾಣುತ್ತದೆ. ಕಂಡದ್ದನ್ನು ಊರೆಲ್ಲ ಸಾರದೆ ಆ ಒಬ್ಬನ ಬಳಿಗೇ ಬಂದರಲ್ಲ, ಅದು ನನಗೆ ದಿವ್ಯದೃಷ್ಟಿಗಿಂತ ದೊಡ್ಡದು.

ಬಾಳಪ್ಪ ಅವರ ಕಾಲಿನ ಬಳಿ ಕುಸಿದ. "ಯವ್ವಾ, ನಿದ್ದಿ ಹತ್ತಿಬಿಡ್ತು. ಅಕಿ ಹೊಟ್ಟ್ಯಾಗ ಕೂಸೈತಿ. ಇನ್ನೇನು ಮಾಡ್ಲಿ?"

"ನಡಿ, ಅಲ್ಲಿಗೇ ಹೋಗೂಣು" ಎಂದರು ತಾಯಿಯವರು.

ಎಪ್ಪತ್ತು ದಾಟಿದ ಜೀವ, ಸುಡುವ ನೆಲ, ಬರಿಗಾಲು. ಬಾಳಪ್ಪ ಬೇಡವೆಂದ, ಅವರು ಆಗಲೇ ನಡೆಯತೊಡಗಿದ್ದರು. ಆ ಅರ್ಧ ಹರದಾರಿಯ ನಡಿಗೆ ಅವನಿಗೆ ಕಡೆಯವರೆಗೂ ಕನಸಿನ ಹಾಗೆಯೇ ನೆನಪಿತ್ತಂತೆ. ಬೇವಿನ ಮರ ಬಿಸಿಲ ಝಳದಲ್ಲಿ ನೆಲ ಬಿಟ್ಟು ತೇಲುತ್ತಿತ್ತು. ನಡೆದಷ್ಟೂ ಅದು ಹಿಂದೆ ಸರಿಯುತ್ತಿತ್ತು. ತಾಯಿಯವರು ಏನನ್ನೋ ಗುನುಗುತ್ತಿದ್ದರು. ಕೂಸನ್ನು ಮಲಗಿಸುವ ಜೋಗುಳ ಅದು. ಹೆಗಲ ಮೇಲೆ ಕಂಬಿ ಇಲ್ಲದಿದ್ದರೂ ಅವನ ಕಿವಿಯಲ್ಲಿ ಗೆಜ್ಜೆ ನುಡಿಯುತ್ತಲೇ ಇತ್ತು. ಎಷ್ಟು ಹೊತ್ತು ನಡೆದರೋ ಗೊತ್ತಿಲ್ಲ, ಒಮ್ಮೆಲೇ ಮೈಮೇಲೆ ನೆರಳು ಬಿತ್ತು.

ಧೂಳಿನಲ್ಲಿ ಗುರುತು ಹಾಗೆಯೇ ಇತ್ತು. ಉದ್ದನೆಯ ಒಂದು ಗೀರು, ಎರಡು ತುದಿಗೆ ಗೆಜ್ಜೆಯ ಸಣ್ಣ ಕುಳಿಗಳು. ಅದರ ಮೇಲೆಲ್ಲ ಬೇವಿನ ಹೂವು ಉದುರಿತ್ತು. ತಾಯಿಯವರು ಮೊಣಕಾಲೂರಿ ಆ ಗುರುತಿಗೆ ಹಣೆ ಹಚ್ಚಿದರು. ಬಾಳಪ್ಪ ಏನಾದರೂ ಪ್ರಾಯಶ್ಚಿತ್ತ ಹೇಳುತ್ತಾರೆಂದು ಕೈಮುಗಿದು ಕಾದ.

"ಐವತ್ತ ವರ್ಷ ಆತು. ಎಲ್ಲಾರೂ ಮಲ್ಲಯ್ಯನ್ನ ಹೊತ್ತೇ ಹೊತ್ರು. ಒಂದೀಟ ಕುಂದ್ರಪ್ಪ ಅಂತ ಅವಂಗ ಯಾರೂ ಅನ್ನಲಿಲ್ಲ. ಇವತ್ತ ಕುಂತಾನ ನೋಡು" ಎಂದರು ತಾಯಿಯವರು.

ಬಾಳಪ್ಪನ ಕಣ್ಣು ತುಂಬಿತು. ಆದರೂ ಹೆದರಿಕೆ ಬಿಡಲಿಲ್ಲ. "ಹಂಗಾರ ಕೂಸಿಗೆ ಏನೂ ಆಗೂದಿಲ್ಲಲ್ಲಬೇ?"

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಅಭಯ ಕೊಟ್ಟು, ವಿಭೂತಿ ಹಚ್ಚಿ ಕಳಿಸುತ್ತಿದ್ದರು. ತಾಯಿಯವರು ಸುಳ್ಳು ಹೇಳುವವರಲ್ಲ.

"ಅದು ನನಗ ತಿಳಿಯಾಂಗಿಲ್ಲ ತಮ್ಮಾ. ಆದ್ರ ಏನ ಆದ್ರೂ, ನಿನ್ನ ನಿದ್ದಿಯಿಂದ ಆಗೂದಿಲ್ಲ. ದಣದವ್ರಿಗೆ ನಿದ್ದಿ ಬರ್ತೈತಿ."

ಎಂದೂ ಯಾರೆದುರೂ ಅಳದ ಬಾಳಪ್ಪ ಮರಕ್ಕೆ ಹಣೆ ಚಚ್ಚಿಕೊಂಡು ಅತ್ತ. ತಾಯಿಯವರಿಗೆ ದುಂಡವ್ವನ ಸಂಗತಿ ಗೊತ್ತಿರಲಿಲ್ಲ. ತಾನು ನಾಲ್ಕು ವರ್ಷದ ಹಿಂದೆ ಆಡಿದ ಮಾತನ್ನು ಅವನೇ ಬಾಯಿಬಿಟ್ಟು ಹೇಳಿದ. ತಾಯಿಯವರು ಸೆರಗಿನ ತುದಿಯಿಂದ ಅವನ ಮುಖ ಒರೆಸಿ, ಎರಡು ಬೇವಿನ ಹೂವನ್ನು ಅವನ ಅಂಗೈಯಲ್ಲಿಟ್ಟು, ಬಂದ ದಾರಿಗೆ ತಿರುಗಿದರು.

ತೋಪಿಗೆ ಮರಳಿದಾಗ ತಂಡ ಎದ್ದು ಕುಳಿತಿತ್ತು. ಬಾಳಪ್ಪ ಎಲ್ಲರೆದುರು ನಿಂತು ನಡೆದದ್ದನ್ನು ಒಪ್ಪಿಕೊಂಡ. ತಂಡದ ಹಿರಿಯರಾದ ಪಂಚಾಕ್ಷರಯ್ಯನವರು ನೇಮದಲ್ಲಿ ಬಹಳ ಬಿಗಿ. ಅವರ ಮುಖ ಕಪ್ಪಿಟ್ಟಿತು. "ಹಂಗಾರ ಎಲ್ಲಾರೂ ಗಂಟು ಕಟ್ರಿ. ಹಿಂದಿನ ವಸ್ತಿಗೆ ಹೋಗಬೇಕು" ಎಂದರು.

ತಾಯಿಯವರು ಬಾವಿಯ ಕಟ್ಟೆಯ ಮೇಲೆ ಕುಳಿತು ನೀರು ಕುಡಿಯುತ್ತಿದ್ದರು. ಚೊಂಬು ಕೆಳಗಿಟ್ಟು ಕೇಳಿದರು: "ದಣದು ಕುಂತ ಮಲ್ಲಯ್ಯನ್ನ ಹಿಂದಕ ನಡಸ್ತೀರೇನ್ರಿ ಅಯ್ಯನೋರ?"

ಪಂಚಾಕ್ಷರಯ್ಯನವರ ಕಣ್ಣು ತಾಯಿಯವರ ಅಂಗಾಲಿನ ಮೇಲೆ ಬಿತ್ತು. ಸುಟ್ಟು ಬೊಬ್ಬೆಯೆದ್ದು ರಕ್ತ ಜಿನುಗುತ್ತಿತ್ತು. ಅಯ್ಯನವರು ಎದ್ದು ಹೋದರು. ತಮ್ಮ ಹೆಗಲ ಮೇಲಿನ ಮಡಿಶಲ್ಯವನ್ನು ಮಾವಿನ ನೆರಳಿನಲ್ಲಿ ಹಾಸಿದರು. ಕವಲುಗೋಲಿನಿಂದ ಕಂಬಿಯನ್ನು ಇಳಿಸಿ ತಮ್ಮ ಕೈಯಾರೆ ಅದರ ಮೇಲೆ ಮಲಗಿಸಿದರು. ಆಮೇಲೆ ಬಂದು ಎಣ್ಣೆಯ ಗಿಂಡಿ ತೆಗೆದುಕೊಂಡು ತಾಯಿಯವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡರು. ಅದೊಂದು ದಿನ ತಾಯಿಯವರು ಬೇಡವೆನ್ನಲಿಲ್ಲವಂತೆ. ಈಗಲೂ ಹುಣಸಿಹೊಂಡದ ಕಂಬಿ ಆ ಬೇವಿನ ಮರದ ಕೆಳಗೆ ಬಟ್ಟೆಯ ಮೇಲೆ ಒಂದು ಗಳಿಗೆ ಮಲಗಿ ಮುಂದೆ ಹೋಗುತ್ತದೆ. ಜೊತೆಗೆ ತಂಡವೂ ಮಲಗುತ್ತದೆ.

ಕೂಸು ಏನಾಯಿತೆಂದು ನೀವು ಕೇಳುವಿರಿ. ಕಾರಹುಣ್ಣಿಮೆಯ ಹೊತ್ತಿಗೆ ದುಂಡವ್ವ ಹೆಣ್ಣು ಹೆತ್ತಳು. ಕೂಸು ಉಳಿಯಿತು, ಬೆಳೆಯಿತು. ಇದನ್ನೆಲ್ಲ ನನಗೆ ಹೇಳಿದವಳು ಆ ಮಗಳೇ. ಪವಾಡವೆಂದು ಊರವರು ಕಾಯಿ ಹಣ್ಣು ಹಿಡಿದು ಬಂದಾಗ ತಾಯಿಯವರು "ಹಡದಾಕಿ ಅಕಿ, ಹೆಸರು ನನಗ್ಯಾಕ?" ಎಂದು ಗದರಿ ಕಳಿಸಿದರಂತೆ. ನಾನು ನಮಸ್ಕರಿಸುವುದು ಅದಕ್ಕಿಂತ ಮೊದಲು ನಡೆದ ಸಂಗತಿಗೆ.

ಯುಗಾದಿ ಕಳೆದು ಬಾಳಪ್ಪ ಬಸ್ಸಿನಲ್ಲಿ ಊರಿಗೆ ಬಂದಿಳಿದದ್ದು ಅಂಥದೇ ಒಂದು ಮಧ್ಯಾಹ್ನ. ದುಂಡವ್ವ ಹೊಸ್ತಿಲ ಬಳಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನನ್ನು ಕಂಡವಳೇ ಎದ್ದು ನಿಂತು ಕೇಳಿದ ಮೊದಲ ಮಾತು: "ಕಂಬಿ ನೆಲಕ ಮುಟ್ಟಲಿಲ್ಲಲ್ಲ?"

"ಮುಟ್ಟಿತು" ಎಂದ ಬಾಳಪ್ಪ. "ನನಗ ನಿದ್ದಿ ಹತ್ತಿತ್ತು."

ಅವನು ಹತ್ತಿರ ಬಂದು ಅವಳ ಕೈಯಲ್ಲಿದ್ದ ಮೊರವನ್ನು ತೆಗೆದು ಕೆಳಗಿಟ್ಟ. "ಸಂಗ್ಯಾ ನಿನ್ನ ನಿದ್ದಿಯಿಂದ ಹೋಗಲಿಲ್ಲ ದುಂಡವ್ವಾ. ಆ ಮಾತು ಅಂದಿದ್ದು ನಂದ ತಪ್ಪು. ನಾಕ ವರ್ಷ ಅದನ್ನ ನಿನ್ನ ತಲಿಮ್ಯಾಲೆ ಹೊರಿಸಿ ಇಟ್ಟೆ."

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಅವನು ಕಾದ. ಅವಳು ಗೋಡೆ ಹಿಡಿದು ನಿಂತು, ಅವನ ಮುಖವನ್ನೇ ನೋಡುತ್ತಾ, ಸಣ್ಣ ದನಿಯಲ್ಲಿ ಕೇಳಿದಳು:

"ಹಂಗಾರ ನಾ ಒಂದೀಟ ಅಡ್ಡಾಗ್ಲೇನು?"

ಬಾಳಪ್ಪ ಕೌದಿ ಹಾಸಿದ. ಅವಳು ಮಗ್ಗುಲಾಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಅವನು ಎಬ್ಬಿಸಲಿಲ್ಲ. ಬೀಸಣಿಗೆ ಹಿಡಿದು ಪಕ್ಕದಲ್ಲಿ ಎಚ್ಚರವಾಗಿ ಕುಳಿತಿದ್ದ.