ಹೊತ್ತು ನೋಡಿ ತೆಗೆದ ಪಟ

ಹೊಳೆದಂಡೆಯ ಹುಣಸೆಮರದ ಕೆಳಗೆ ಪುಟ್ಟಮಾದಪ್ಪನವರು ಕೂತಿರುತ್ತಿದ್ದರು. ನಲವತ್ತು ವರ್ಷ ಸ್ನಾನಘಟ್ಟದಲ್ಲಿ ಯಾತ್ರಿಕರ ಫೋಟೊ ತೆಗೆದವರು. ಈಗ ಬಂದವರಿಗೆ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಅನ್ನೋದೂ ದೊಡ್ಡ ಮಾತೇ. ಹೆಚ್ಚಾಗಿ ಎಲೆಯಡಿಕೆ ಮೆಲ್ಲುತ್ತಿದ್ದರು.

ಇಂದ್ರಾಣಿ ಅವರ ಹತ್ತಿರ ಬಂದದ್ದು ಒಂದೇ ಒಂದು ಪಟಕ್ಕಾಗಿ.

"ನನ್ನ ಸಾಕಿದ ದೊಡ್ಡಮ್ಮನದು ಗುರುಗಳೇ. ಅವಳ ಮುಖದ ಮೇಲೆ ತೊನ್ನಿನ ಕಲೆ ಇದೆ. ಎಲ್ಲರೂ ಫೋಟೊಗೆ ನಿಂತರೆ ಅವಳು ಅಡುಗೆಮನೆ ಸೇರ್ತಾಳೆ. ಅವಳಿಗೆ ಅರವತ್ತೆಂಟು ವರ್ಷ ಆಯ್ತು, ಅವಳು ಒಪ್ಪಿದ ಪಟ ಅಂತ ಒಂದೂ ಇಲ್ಲ."

ತಾನು ತೆಗೆದದ್ದನ್ನು ತೋರಿಸಿದಳು. ಕಲೆಗಳು ಫಳಫಳ ಹೊಳೆಯುತ್ತಿದ್ದವು. ಕಣ್ಣೇ ಕಾಣುತ್ತಿರಲಿಲ್ಲ.

ಗುರುಗಳು ಅಂದರು: "ಹೊತ್ತು ನೋಡಿ ತೆಗಿ ತಾಯಿ."

ಇಂದ್ರಾಣಿ ಸರಿ ಅಂದವಳೇ ಓಡಿದಳು. ಎಲ್ಲಿಗೆ ಅಂತೀರಿ? ಜೋಯಿಸರ ಮನೆಗೆ! ಅವರು ಪಂಚಾಂಗ ತಿರುವಿ, ರಾಹುಕಾಲ ಕಳೆದು, ಅಭಿಜಿನ್ ಮುಹೂರ್ತ ಇಟ್ಟುಕೊಟ್ಟರು. ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ದೊಡ್ಡಮ್ಮನನ್ನು ನಟ್ಟನಡು ಅಂಗಳದಲ್ಲಿ ಕೂರಿಸಿ ಕ್ಲಿಕ್ ಮಾಡಿದಳು.

ಮಾರನೇ ದಿನ ಅಳುಮುಖ ಹೊತ್ತು ಬಂದು, ಪಟ ತೋರಿಸಿ, ಮುಹೂರ್ತದ ಕಥೆಯೆಲ್ಲ ಹೇಳಿದಳು.

"ಅಯ್ಯೋ ಪುಣ್ಯಾತ್ಗಿತ್ತಿ," ಗುರುಗಳು ನಕ್ಕು ನಕ್ಕು ಕೆಮ್ಮಿದರು. "ನಾನು ಹೊತ್ತು ನೋಡು ಅಂದದ್ದು ಆಕಾಶದಲ್ಲಿ ಕಣೇ, ಪಂಚಾಂಗದಲ್ಲಲ್ಲ!"

"ನಗಬೇಡಿ ಗುರುಗಳೇ. ದೊಡ್ಡಮ್ಮ ಹೇಳಿಬಿಟ್ಟಿದ್ದಾಳೆ. ಇನ್ನೊಂದೇ ಸಲವಂತೆ. ಅದೂ ಹೀಗೇ ಬಂದರೆ ಈ ಡಬ್ಬಿಯನ್ನು ಮತ್ತೆ ಅವಳ ಮುಂದೆ ತರಕೂಡದಂತೆ."

ಗುರುಗಳ ನಗು ನಿಂತಿತು. ಎಲೆಯಡಿಕೆ ಉಗುಳಿ ಬಂದರು.

"ಕ್ಯಾಮೆರಾ ಇಲ್ಲಿಡು."

"ಅದಿಲ್ಲದೆ ಏನು ಕಲೀಲಿ?"

"ದಿನಾ ದೊಡ್ಡಮ್ಮನ ಎದುರು ಕೂತ್ಕೊ. ಬೆಳಕು ಎಲ್ಲಿಂದ ಬರುತ್ತೆ ನೋಡಿ ಬಂದು ಹೇಳು."

ಕ್ಯಾಮೆರಾ ಹುಣಸೆಕೊಂಬೆಗೆ ನೇತುಬಿತ್ತು.

ಮೊದಲ ದಿನ ಹೇಳಿದಳು: "ಅಂಗಳದಲ್ಲಿ ಮೇಲಿಂದ ಬರುತ್ತೆ. ಹಣೆ ಉರಿಯುತ್ತೆ, ಕಣ್ಣಿನ ಕೆಳಗೆ ಕತ್ತಲೆ."

"ಅದು ಬಿಸಿಲು. ನಾನು ಕೇಳಿದ್ದು ಬೆಳಕು."

ಮೂರನೇ ದಿನ ಹೇಳಿದಳು: "ಜಗಲಿಯ ನೆರಳಲ್ಲಿ ಕಲೆ ಹೊಳೆಯೋದಿಲ್ಲ. ಆದರೆ ದೊಡ್ಡಮ್ಮ ಬೀದಿಗೆ ಬೆನ್ನು ಹಾಕಿ ಕೂರ್ತಾಳೆ. ಮುಖ ಮಂಕು."

"ಈ ಕಡೆ ತಿರುಗು ಅನ್ನೋಕೆ ನಿನಗೆ ಬಾಯಿಲ್ವಾ?"

"ಬೀದೀಲಿ ಹೋಗೋರು ನೋಡ್ತಾರೆ ಅಂತ ಅವಳಿಗೆ ಸಂಕೋಚ."

"ಹಾಗಾದರೆ ನೀನು ಬೀದಿ ಕಡೆ ಕೂತ್ಕೊ."

ಐದನೇ ದಿನ ಕುಣಿಯುತ್ತಾ ಬಂದಳು. ಜಗಲಿಯ ಮೆಟ್ಟಿಲ ಮೇಲೆ ಇವಳು ಕೂತು ಮಾತಿಗೆಳೆದಿದ್ದಳಂತೆ, ದೊಡ್ಡಮ್ಮ ತಾನಾಗೇ ತಿರುಗಿದ್ದಳಂತೆ. "ಗುರುಗಳೇ, ಎದುರು ಮನೆಗೆ ಸುಣ್ಣ ಹೊಡೆದಿದ್ದಾರೆ! ಮೂರು ಗಂಟೆಗೆ ಬಿಸಿಲು ಆ ಗೋಡೆಗೆ ಬಿದ್ದು, ಅಲ್ಲಿಂದ ಜಗಲಿಗೆ ಬರುತ್ತೆ. ಆರಿಸಿದ ಹಾಲಿನ ಹಾಗೆ, ಸುಡೋದೇ ಇಲ್ಲ. ಕಣ್ಣು ಪೂರ್ತಿ ಕಾಣುತ್ತೆ!"

ಕೊಂಬೆಯ ಕಡೆ ಕೈ ಚಾಚಿದಳು.

"ಇನ್ನೂ ಇಲ್ಲ," ಅಂದರು ಗುರುಗಳು.

ಅವಳಿಗೆ ಸಿಟ್ಟೇ ಬಂತು. ಬರದೆ ಇರುತ್ತದೆಯೇ? ದಡದಡ ಹೆಜ್ಜೆ ಹಾಕಿ ಹೋದಳು.

ಏಳನೇ ದಿನ ಬಂದವಳು ಕೊಂಬೆಯ ಕಡೆ ನೋಡದೆ ಕೂತಳು.

"ಬೆಳಕು?"

"ನೋಡಲಿಲ್ಲ ಗುರುಗಳೇ. ದೊಡ್ಡಮ್ಮ ನನ್ನ ಅಮ್ಮನ ಮದುವೆಯ ಕಥೆ ಹೇಳಿದಳು. ಕೂಲಿ ಮಾಡಿ ಒಂದು ಹಸಿರು ಸೀರೆ ತಗೊಂಡಿದ್ದಳಂತೆ. ಹೂ ಮುಡಿದು ತಂಗಿಯ ಪಕ್ಕ ನಿಲ್ಲೋಕೆ ಹೋದರೆ ಯಾರೋ ಅಂದರಂತೆ, 'ನೀನು ಹೋಗಿ ಎಲ್ಲರ ಚಪ್ಪಲಿ ನೋಡ್ಕೊ.' ನೋಡ್ಕೊಂಡಳಂತೆ. ಒಂದು ಜೊತೆನೂ ಕಳೀಲಿಲ್ಲ ಅಂತ ನಕ್ಕಳು. ನನಗೆ ಅಳು ಬಂತು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ."

ಗುರುಗಳು ಎದ್ದು ಕೊಂಬೆಯಿಂದ ಕ್ಯಾಮೆರಾ ಇಳಿಸಿ ಅವಳ ಕೈಗಿಟ್ಟರು.

ಮಾರನೇ ದಿನ ಮೂರು ಗಂಟೆ. ದೊಡ್ಡಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮೈಮೇಲೆ ಹಳೆಯ ಹಸಿರು ಸೀರೆ. ಇಂದ್ರಾಣಿ ಮೆಟ್ಟಿಲ ಮೇಲೆ ಕೂತಿದ್ದಳು.

"ದೊಡ್ಡಮ್ಮ, ಇವತ್ತು ಯಾರ ಚಪ್ಪಲಿ ಕಾಯ್ತಿದ್ದೀಯ?"

"ನಿನ್ನದೇ ಕಣೇ ತರಲೆ," ಅಂತ ದೊಡ್ಡಮ್ಮ ತಲೆಯೆತ್ತಿ ನಕ್ಕಳು.

ಒಂದೇ ಕ್ಲಿಕ್.

ದೊಡ್ಡಮ್ಮ ಪಟವನ್ನು ತುಂಬ ಹೊತ್ತು ನೋಡಿದಳು.

"ಕಲೆ ಕಾಣುತ್ತೆ," ಅಂದಳು.

ಇಂದ್ರಾಣಿ ಕ್ಯಾಮೆರಾವನ್ನು ಬೆನ್ನ ಹಿಂದೆ ಸರಿಸಿದಳು.

"ಕಾಣಲಿ ಬಿಡು. ಚೆನ್ನಾಗಿದ್ದೀನಲ್ಲೇ ನಾನು!" ದೊಡ್ಡಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ದೊಡ್ಡದು ಮಾಡಿಸು. ನಡುಮನೇಲಿ ಹಾಕೋಣ."

ಇಂದ್ರಾಣಿ ಹೊಳೆದಂಡೆಗೆ ಓಡೋಡಿ ಬಂದಳು.

"ಒಪ್ಪಿದಳು ಗುರುಗಳೇ! ಎಲ್ಲಾ ಆ ಸುಣ್ಣದ ಗೋಡೆಯ ಮಹಿಮೆ. ಅದಿಲ್ಲದಿದ್ದರೆ ಅವಳ ಮುಖಕ್ಕೆ ಈ ಬೆಳಕು ಎಲ್ಲಿಂದ ಬರಬೇಕಿತ್ತು?"

ಗುರುಗಳು ಪಟವನ್ನು ಹತ್ತಿರ ಹಿಡಿದು ನೋಡಿದರು.

"ದೊಡ್ಡಮ್ಮ ಇಲ್ಲಿ ಯಾರನ್ನು ನೋಡ್ತಿದ್ದಾರೆ?"

"ನನ್ನನ್ನು."

"ಮತ್ತೆ ಗೋಡೇನ ಯಾಕಮ್ಮ ಹೊಗಳ್ತೀಯ?"