ಬೋಳುತಲೆಯ ಕಿಣ್ವ

ಗಂಜಿಯಲ್ಲಿ ತೇಲುತ್ತಿದ್ದ ಯೀಸ್ಟ್ ಕೋಶಕ್ಕೆ ಗಂಜಿ ಅರಗುತ್ತಿರಲಿಲ್ಲ. ಅದಕ್ಕೆಂದೇ ಪ್ರಯೋಗಾಲಯದವರು ಬೇರೆ ಜೀವಿಯ ಜೀನ್ ಸೇರಿಸಿ, ಗಂಜಿಯನ್ನು ಸಕ್ಕರೆ ಮಾಡುವ ಕಿಣ್ವಗಳು ಅದರೊಳಗೆ ಹುಟ್ಟುವಂತೆ ಮಾಡಿದ್ದರು. ಪ್ರತಿ ಕಿಣ್ವದ ನೆತ್ತಿಯಲ್ಲೂ ಸಿಗ್ನಲ್ ಪೆಪ್ಟೈಡ್ ಎಂಬ ಜುಟ್ಟಿತ್ತು. ಗಂಜಿ ಇದ್ದದ್ದು ಕೋಶದ ಹೊರಗೆ, ಕಿಣ್ವ ಅಲ್ಲಿಗೆ ಹೋದರೇನೇ ಕೆಲಸ. ಹೊರಹೋಗುವ ದಾರಿಯ ಬಾಗಿಲು ಕಾಯುವವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜುಟ್ಟು ಹಿಡಿದು ಎಳೆದು ದಾಟಿಸುತ್ತಿದ್ದ. ಬಾಗಿಲಾಚೆ ಕೂತ ಕತ್ತರಿ, ಯಾರಿಗೂ ಗೊತ್ತಾಗದಂತೆ ಜುಟ್ಟು ಕತ್ತರಿಸಿ ಕಳಿಸುತ್ತಿತ್ತು.

ಮೊದಲು ಹೊರಬಂದ ಕಿಣ್ವ ತಲೆ ಸವರಿಕೊಂಡಿತು. ಗೋಡೆಯತ್ತ ತಿರುಗಿ ಕೂಗಿ ಹೇಳಿತು: "ತಮ್ಮಂದಿರೇ, ಜುಟ್ಟು ಬರೀ ಹೊರೆ. ನನ್ನ ತಲೆಯಲ್ಲಿ ಒಂದು ಕೂದಲೂ ಇಲ್ಲ. ಸ್ವಂತ ಸಾಮರ್ಥ್ಯದಿಂದ ಬಂದಿದ್ದೇನೆ."

ತಮ್ಮಂದಿರು ಅಣ್ಣನ ಮಾತು ಮೀರುವವರಲ್ಲ. ಒಬ್ಬರ ಜುಟ್ಟು ಒಬ್ಬರು ಕಿತ್ತುಹಾಕಿ ಬಾಗಿಲಿಗೆ ಬಂದರು. ಕಾವಲಿನವನು ಕೈಚಾಚಿ ತಡಕಾಡಿದ.

"ಇಲ್ಲಿ ಯಾರೂ ಇಲ್ಲ" ಎಂದ.

"ಸಾವಿರ ಜನ ಇದ್ದೇವೆ, ಸ್ವಾಮಿ" ಎಂದರು.

"ಇರಬಹುದು" ಎಂದು ಬಾಗಿಲು ಮುಚ್ಚಿದ.

ಹೊರಗೆ ಗಂಜಿಯ ಕಡಲಿಗೆ ಒಂದೇ ಕಿಣ್ವ. ಹಸಿವಿನಿಂದ ಸುಕ್ಕುಗಟ್ಟಿದ ಯೀಸ್ಟ್ ಕೇಳಿತು: "ಉಳಿದವರು ಎಲ್ಲಪ್ಪ?"

"ಒಳಗೇ ಬಿದ್ದಿದ್ದಾರೆ" ಎಂದಿತು ಕಿಣ್ವ. "ನಮ್ಮವರಿಗೆ ಮುಂದೆ ಬರಬೇಕೆಂಬ ಛಲವೇ ಇಲ್ಲ."