ಓದಿ ಹೇಳಲಾಗಿದೆ

ಮಕ್ಕಳ ಸಂಸ್ಥೆಯೊಂದರ ಮೇಜಿನ ಮೇಲೆ ಒಂದು ಸೀಲೂ ಒಂದು ಇಂಕ್ ಪ್ಯಾಡೂ ಇದ್ದವು. ಸೀಲಿಗೆ ಬರುತ್ತಿದ್ದುದು ಒಂದೇ ಮಾತು: ‘ಓದಿ ಹೇಳಲಾಗಿದೆ’.

ಒಂದು ದಿನ ದುರುಗವ್ವ ಕೂಸನ್ನು ಸೊಂಟದ ಮೇಲೆ ಹೊತ್ತು ಬಂದಳು. “ಕಬ್ಬಿನ ಹಂಗಾಮು ಮುಗಿಯೂತನಕ ಇಟ್ಕೊಳ್ರಿ ಅಕ್ಕಾರ, ಆಮ್ಯಾಲ ಕರ್ಕೊಂಡ್ ಹೋಗ್ತೀನಿ.”

ಕಾರ್ಯಕರ್ತೆ ಸುನಂದಾ ಕೂಸನ್ನು ಕಾಯಂ ಆಗಿ ದತ್ತು ಕೊಡುವ ಅರ್ಜಿಯನ್ನು ಮುಂದಿಟ್ಟು, “ಹೆಬ್ಬೆಟ್ಟು ಒತ್ತಮ್ಮ,” ಎಂದು ಸೀಲು ಎತ್ತಿಕೊಂಡಳು.

ಇಂಕ್ ಪ್ಯಾಡಿಗೆ ಮೈಯೆಲ್ಲ ಉರಿದುಹೋಯಿತು. “ಸೀಲಪ್ಪನವರೇ, ಇದನ್ನು ಓದಿ ಹೇಳಿದ್ದು ಯಾರು?”

“ಹೇಳಲಾಗಿದೆ, ತಂಗಿ.”

“ಯಾರು ಅಂತ ಕೇಳಿದೆ!”

“‘ಲಾಗಿದೆ’ ಅಂದಮೇಲೆ ‘ಯಾರು’ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಅದಕ್ಕೇ ಅಲ್ಲವೇ ಆ ವ್ಯಾಕರಣ! ಮಗುವಿಗೂ ಒಳ್ಳೆಯ ಮನೆ ಸಿಗುತ್ತದೆ.”

“ತಾಯಿಗೆ ಮೋಸ ಮಾಡಿ ಕೊಡುವ ಒಳ್ಳೆಯದಕ್ಕೆ ನನ್ನ ಮಸಿ ಇಲ್ಲ!” ಎಂದು ಪ್ಯಾಡು ಮುಚ್ಚಳವನ್ನು ಬಿಗಿಯಾಗಿ ಕಚ್ಚಿಕೊಂಡಿತು.

ಸುನಂದಾ ಉಗುರು ಮುರಿಯುವಷ್ಟು ಎಬ್ಬಿದಳು. ಅದು ಬಿಡಲಿಲ್ಲ. ಸೀಲು ಬೀಳದಿದ್ದರೆ ಓದಿದವರು ತಮ್ಮ ಹೆಸರನ್ನು ಕೈಯಾರೆ ಬರೆಯಬೇಕೆಂಬುದು ಅಲ್ಲಿಯ ನಿಯಮ. ಪೆನ್ನು ಹಿಡಿದು ‘ಸುನಂದಾ ಎಂಬ ನಾನು ಓದಿ ಹೇಳಿ’ ಎಂಬಲ್ಲಿಗೆ ಬಂದಳು. ಅಲ್ಲಿ ಕೈ ನಿಂತಿತು. ಅರ್ಜಿಯನ್ನು ಎತ್ತಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು.

‘ಕಾಯಂ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದುರುಗವ್ವ ಕೂಸನ್ನು ಎದೆಗವಚಿಕೊಂಡು ಬಾಗಿಲು ದಾಟಿದಳು.